ಕಾಯುವವರಿಲ್ಲದ ಕಾಯಿದೆ



1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಹದಿನೈದು ಸ್ವತಂತ್ರ ರಾಷ್ಟ್ರಗಳಾದವು. ಅದುವರೆಗೆ ಅಲ್ಲಿನ ಅರಣ್ಯವೆಲ್ಲವೂ ಸರ್ಕಾರದ ಸ್ವತ್ತಾಗಿತ್ತು. ನೆಡುವುದು, ಕಡಿಯುವುದು, ಕಾಯುವುದು ಮುಖ್ಯವಾಗಿ ‘ಲೆಸ್‌ಖೋಜ್’ ಎಂಬ ಸರ್ಕಾರಿ ಅರಣ್ಯ ಸಂಸ್ಥೆಗಳ ಕೆಲಸ. 1943ರಲ್ಲಿಯೇ ಅರಣ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ನೀರು ಮಣ್ಣುಗಳನ್ನು ಕಾಪಾಡುವ ಕಾಡುಗಳಿಗೆ ಮೊದಲ ವರ್ಗದ ರಕ್ಷಣೆ ನೀಡಲಾಗಿತ್ತು. ಕಾಗದದ ಮೇಲೆ ವ್ಯವಸ್ಥೆ ಭದ್ರವಾಗಿಯೇ ಇತ್ತು.

ಆದರೆ ಬೆಟ್ಟದ ಗಣರಾಜ್ಯಗಳ ಕಾಡು ಉಳಿದಿದ್ದುದು ಕಾನೂನಿನ ಬಲವೊಂದರಿಂದಲೇ ಅಲ್ಲ. ಅಲ್ಲಿನ ಒಲೆಗಳಿಗೆ ಹೊರಗಿನಿಂದ ಅಗ್ಗದ ಇಂಧನ ಬರುತ್ತಿತ್ತು. ಮನೆ ಕಟ್ಟಲು ಸೈಬೀರಿಯದ ಮರ ಬರುತ್ತಿತ್ತು. ಒಕ್ಕೂಟ ಒಡೆದಾಗ ಅದೆಲ್ಲ ನಿಂತಿತು. ಆರ್ಮೇನಿಯದಲ್ಲಿ 1988ರ ಭೂಕಂಪದ ನಂತರ ಅಣುಸ್ಥಾವರ ಮುಚ್ಚಿತ್ತು. ಯುದ್ಧ ಮತ್ತು ದಿಗ್ಬಂಧನಗಳು ಅನಿಲವನ್ನೂ ತಡೆದವು. 1995ರಲ್ಲಿ ಸ್ಥಾವರ ಮತ್ತೆ ಆರಂಭವಾಗುವವರೆಗಿನ ಚಳಿಗಾಲಗಳಲ್ಲಿ ಜನರು ಕಾಡನ್ನಷ್ಟೇ ಅಲ್ಲ, ನಗರದ ಉದ್ಯಾನಗಳ ಮರಗಳನ್ನೂ ಒಲೆಗೆ ಹಾಕಿದರು. ಚಳಿಯಲ್ಲಿ ನಡುಗುವ ಮಗುವಿನ ಮುಂದೆ ಅರಣ್ಯ ಕಾಯಿದೆ ನಿಲ್ಲಲಾರದು.

ರಷ್ಯಾದ ಅನುಭವ ಬೇರೆ ಬಗೆಯದು. ಜಗತ್ತಿನ ಅರಣ್ಯದ ಸುಮಾರು ಐದನೇ ಒಂದು ಭಾಗ ಅಲ್ಲಿದೆ. 2006ರಲ್ಲಿ ಅಂಗೀಕೃತವಾಗಿ 2007ರ ಜನವರಿ 1ರಂದು ಜಾರಿಗೆ ಬಂದ ಅರಣ್ಯ ಸಂಹಿತೆಯು ನಿರ್ವಹಣೆಯ ಬಹುಪಾಲು ಹೊಣೆಯನ್ನು ಪ್ರಾಂತಗಳಿಗೂ, ದೀರ್ಘ ಗುತ್ತಿಗೆ ಹಿಡಿದ ಕಂಪೆನಿಗಳಿಗೂ ವರ್ಗಾಯಿಸಿತು. ಕಾಡು ಸುತ್ತಿ ಕಾಯುತ್ತಿದ್ದ ಅರಣ್ಯ ರಕ್ಷಕರ ಹಳೆಯ ವ್ಯವಸ್ಥೆ ಕಳಚಿತು. 2010ರ ಬೇಸಿಗೆಯ ಕಡುಬಿಸಿಲಿನಲ್ಲಿ ಪಶ್ಚಿಮ ರಷ್ಯಾದ ಕಾಡುಗಳೂ, ನೀರು ಬಸಿದ ಜೌಗುನೆಲಗಳೂ ಹೊತ್ತಿಕೊಂಡವು, ಹಳ್ಳಿಗಳು ಸುಟ್ಟವು, ಮಾಸ್ಕೋ ನಗರ ಹೊಗೆಯಲ್ಲಿ ಮುಳುಗಿತು. ಬಿಸಿಲೇ ಮೊದಲ ಕಾರಣವೆಂಬುದು ನಿಜ. ಆದರೆ ಕಿಡಿಯನ್ನು ಮೊದಲು ಕಾಣಬೇಕಾದ ಮನುಷ್ಯನೇ ಕಾಡಿನಲ್ಲಿರಲಿಲ್ಲವೆಂದು ಅಲ್ಲಿನ ಪರಿಸರವಾದಿಗಳು ಹೇಳಿದರು. ಅದೇ ವರ್ಷದ ಕೊನೆಯಲ್ಲಿ ಸಂಹಿತೆಗೆ ತಿದ್ದುಪಡಿ ತರಬೇಕಾಯಿತು.

ಮೂರನೆಯದು ಕಿರ್ಗಿಸ್ತಾನದ ದಾರಿ. ಜಲಾಲಾಬಾದ್ ಪ್ರಾಂತದ ಅರ್ಸ್ಲಾನ್‌ಬೋಬ್ ಸುತ್ತಲಿನ ಅಕ್ರೋಟು ಕಾಡಿನಲ್ಲಿ ಶರತ್ಕಾಲದಲ್ಲಿ ಕುಟುಂಬಗಳು ಬಿಡಾರ ಹೂಡಿ ಕಾಯಿ ಆರಿಸುತ್ತವೆ. 1990ರ ದಶಕದ ಕೊನೆಯಲ್ಲಿ, ಸ್ವಿಸ್ ನೆರವಿನೊಂದಿಗೆ, ಅಲ್ಲಿ ಕುಟುಂಬಗಳಿಗೆ ಕಾಡಿನ ತುಂಡುಗಳನ್ನು ಗುತ್ತಿಗೆ ಕೊಡುವ ಪ್ರಯೋಗ ಆರಂಭವಾಯಿತು. ಮೊದಲು ಐದು ವರ್ಷಗಳ ಪರೀಕ್ಷಾವಧಿ, ಅನಂತರ ದೀರ್ಘಾವಧಿಯ ಹಕ್ಕು. ಮೊಮ್ಮಕ್ಕಳ ಕಾಲಕ್ಕೂ ಫಲ ಸಿಗುವುದೆಂದು ನಂಬಿದವನು ಇಂದಿನ ಸಸಿಯನ್ನು ದನದ ಬಾಯಿಂದ ಕಾಯುತ್ತಾನೆಂಬುದು ಇದರ ತರ್ಕ.

ಈ ದಾರಿಯಲ್ಲೂ ಮುಳ್ಳುಗಳಿದ್ದವು. ಸುದ್ದಿ ತಿಳಿದವರಿಗೆ, ಅಧಿಕಾರಿಗಳ ಪರಿಚಯವಿದ್ದವರಿಗೆ ಒಳ್ಳೆಯ ತುಂಡುಗಳು ದೊರೆತವು. ಬಡವರು ಅನೇಕ ಕಡೆ ಹೊರಗುಳಿದರು. ಕಾಯಿಯನ್ನೆಲ್ಲ ಆರಿಸಿ, ದನಗಳನ್ನೂ ಮೇಯಿಸಿದ ಕಡೆ ಮುದಿಮರಗಳ ಕೆಳಗೆ ಎಳೆಯ ಸಸಿಗಳೇ ಕಾಣದಾದವು. ಕಾಡು ಹಸಿರಾಗಿಯೇ ಕಾಣುತ್ತ ಒಳಗೆ ಮುಪ್ಪಾಗುತ್ತದೆ.

ಬೆಳೆದಷ್ಟನ್ನೇ ಕಡಿಯಬೇಕೆಂಬುದು ಸುಸ್ಥಿರ ನಿರ್ವಹಣೆಯ ಅರ್ಧ ಮಾತ್ರ. ಈ ಮೂರು ನಾಡುಗಳು ಉಳಿದರ್ಧವನ್ನು ಕಲಿಸುತ್ತವೆ. ಯಾವುದೇ ಅರಣ್ಯನೀತಿಯ ಕರಡು ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿರಿ: ಹಳ್ಳಿಯ ಒಲೆಗೆ ಸೌದೆ ಎಲ್ಲಿಂದ? ಕಾಡಿನಲ್ಲಿ ದಿನವೂ ನಡೆದಾಡುವವರು ಯಾರು? ಹಕ್ಕು ಸಿಗುವುದು ಎಲ್ಲರಿಗೋ, ಕೆಲವರಿಗೋ? ಉತ್ತರವಿಲ್ಲದ ನೀತಿ ಎಷ್ಟೇ ಅಂದವಾಗಿ ಅಚ್ಚಾಗಿದ್ದರೂ ಒಂದು ಸಸಿಯನ್ನೂ ಕಾಯಲಾರದು.