ಮಧ್ಯಾಹ್ನ ಬಿಸಿಲು, ಇಳಿಹೊತ್ತಿಗೆ ಗುಡುಗು

ಏಪ್ರಿಲ್ ಬಂತೆಂದರೆ ಬೀದರಿನ ಸರಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. 2025ರಲ್ಲಿ ಕಲಬುರಗಿ ವಿಭಾಗದ ಏಳು ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಗೂ ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಎಂದು ಆದೇಶವಾಗಿತ್ತು. ಹೊಲದವರಿಗೆ, ಗೌಂಡಿಗಳಿಗೆ ಅಂಥ ಆದೇಶ ಯಾರೂ ಹೊರಡಿಸುವುದಿಲ್ಲ.

ಬೀದರ್ ನಗರ ಕೂತಿರುವುದು ಕೆಂಪುಕಲ್ಲಿನ ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿ. ಕಲಬುರಗಿ ಇದಕ್ಕಿಂತ ಸುಮಾರು 200 ಮೀಟರ್ ತಗ್ಗು. ಹಾಗಾಗಿ ‘ನಮ್ಮೂರು ತಂಪು’ ಎಂಬ ಬೀದರಿನವರ ಹೆಮ್ಮೆ ಸುಳ್ಳಲ್ಲ. ಲೆಕ್ಕ ಹಾಕಿದರೆ ಒಂದೂಕಾಲು ಡಿಗ್ರಿಯಷ್ಟು ನಿಜ. ಪಾರಾ 40 ದಾಟಿದ ದಿನ ಆ ಒಂದೂಕಾಲು ಡಿಗ್ರಿ ಯಾರ ಬೆವರನ್ನೂ ಆರಿಸದು. ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೊರಟರೆ ಎರೆಭೂಮಿ. ಕೊಯ್ಲು ಮುಗಿದು ಬಿರುಕು ಬಿಟ್ಟ ಕಪ್ಪು ಮಣ್ಣು ಬೆಳಗಿನಿಂದಲೇ ಕಾವು ಹೀರತೊಡಗುತ್ತದೆ.

ಈ ಕಾವೇ ಇಳಿಹೊತ್ತಿನ ಮೋಡಕ್ಕೆ ಒಲೆ. ಕಾದ ಗಾಳಿ ಮೇಲೇರುವ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದಲೋ ಅರಬ್ಬೀ ಸಮುದ್ರದಿಂದಲೋ ತೇವ ಬಂದು ಕೂಡಿಕೊಂಡರೆ, ಮೂರು ಗಂಟೆಯವರೆಗೆ ನಿಚ್ಚಳವಾಗಿದ್ದ ಆಕಾಶ ಐದಕ್ಕೆ ಕಪ್ಪಾಗಿರುತ್ತದೆ. ಮೊದಲು ಧೂಳಿನ ಗಾಳಿ, ಹಿಂದೆಯೇ ದಪ್ಪ ಹನಿ, ಒಮ್ಮೊಮ್ಮೆ ಆಲಿಕಲ್ಲು. ಗಡಿಸೀಮೆಯ ಜನ ಇದನ್ನು ಮರಾಠಿಯಿಂದ ಬಂದ ಮಾತಿನಲ್ಲೇ ‘ಅವಕಾಳಿ ಮಳೆ’ ಎನ್ನುತ್ತಾರೆ.

ಅಂಥ ಹೊತ್ತಿನಲ್ಲಿ ಔರಾದ್ ಕಡೆಯ ಹೊಲವೊಂದನ್ನು ನೋಡಬೇಕು. ರಾಶಿಯ ಜೋಳ ಇನ್ನೂ ಕಣದಲ್ಲೇ ಇದೆ. ಒಬ್ಬ ತಾಡಪತ್ರಿಯ ಮೂಲೆಗೆ ಕಲ್ಲು ಹೇರುತ್ತಿದ್ದಾನೆ, ಇನ್ನೊಂದು ಮೂಲೆ ಗಾಳಿಗೆ ಎದ್ದು ಪಟಪಟ ಬಡಿಯುತ್ತಿದೆ. ಎತ್ತುಗಳನ್ನು ಬೇವಿನ ಮರಕ್ಕೆ ಕಟ್ಟಿಯಾಗಿದೆ. ಮಳೆಗೆ ಆಸರೆಯಾದ ಆ ಮರವೇ ಸಿಡಿಲಿಗೆ ಮೊದಲ ಗುರಿ.

‘ಮುನ್ಸೂಚನೆ ಸುಳ್ಳಾಯಿತು’ ಎಂಬ ದೂರು ಇದೇ ತಿಂಗಳಲ್ಲಿ ಹೆಚ್ಚು. ಭಾಲ್ಕಿಯಲ್ಲಿ ಚರಂಡಿ ತುಂಬಿ ಹರಿದ ಸಂಜೆ ಔರಾದಿನಲ್ಲಿ ಬರೀ ಧೂಳು ಎದ್ದಿರಬಹುದು. ಹವಾಮಾನ ಇಲಾಖೆಯ ಮಾತಿನಲ್ಲಿ ‘ಒಂದೆರಡು ಕಡೆ ಮಳೆ’ ಎಂದರೆ, ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲಿನಲ್ಲಿ ಮಳೆಯಾದೀತು ಎಂದಷ್ಟೇ ಅರ್ಥ. ಉಳಿದ ಮೂರು ಪಾಲು ಒಣಗಿದ್ದರೂ ಮುನ್ಸೂಚನೆ ಸರಿಯೇ. ಇಷ್ಟನ್ನು ಬಿಡಿಸಿ ಹೇಳದೆ ಬರೀ ‘ಹಳದಿ ಎಚ್ಚರಿಕೆ’ ಎಂದು ಓದಿ ಮುಗಿಸುವುದು ಅರೆಬರೆ ಕೆಲಸ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಸಿಡಿಲಿನ ಸೂಚನೆಯಿದ್ದರೆ ಮೊಬೈಲಿಗೆ ತಿಳಿಸುತ್ತದೆ. ಮೊಬೈಲು ಮನೆಯಲ್ಲಿ ಚಾರ್ಜಿಗಿದ್ದರೆ ಕಿವಿಯೇ ಗತಿ. ಮಿಂಚು ಕಂಡ ಮೂರು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದು ಲೆಕ್ಕ. ಎಣಿಸುತ್ತ ನಿಲ್ಲುವುದೂ ಬೇಡ. ಮೊದಲ ಗುಡುಗಿಗೇ ಎತ್ತು ಬಿಚ್ಚಿ, ಗಟ್ಟಿ ಸೂರಿನ ಕಟ್ಟಡ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಕಣದ ಕಡೆ ತಿರುಗಿ ಹೋಗಬೇಡಿ.