ಬಿಳಿ ಗೆರೆ ದಾಟಿ ನಿಂತ ಲಾರಿ



ಇವತ್ತು ರಾಜಕೀಯ ಬೇಡ. ಇವತ್ತು ಒಂದು ಗೆರೆಯ ಬಗ್ಗೆ ಮಾತಾಡೋಣ. ಹೆದ್ದಾರಿಯ ಎಡ ಅಂಚಿನಲ್ಲಿ ಕಿಲೋಮೀಟರ್‌ಗಟ್ಟಲೆ ಓಡೋ ಬಿಳಿ ಗೆರೆ ಇದೆಯಲ್ಲ, ಅದರ ಬಗ್ಗೆ. ನೀವೂ ದಿನಾ ನೋಡ್ತೀರಿ, ನಾನೂ ನೋಡ್ತೀನಿ. ಆ ಗೆರೆ ಅಲ್ಲಿ ಯಾಕಿದೆ ಅಂತ ಎಷ್ಟು ಜನ ಯೋಚಿಸಿದ್ದೀವಿ?

ಮೊದಲು ಮೂರು ತಾರೀಕು ಹೇಳ್ತೀನಿ, ಕೇಳಿ.

2023ರ ಅಕ್ಟೋಬರ್ 26. ಚಿಕ್ಕಬಳ್ಳಾಪುರ. ಬೆಳಗಿನ ಜಾವ, ದಟ್ಟ ಮಂಜು. ಬೆಂಗಳೂರಿಗೆ ಹೊರಟಿದ್ದ ಟಾಟಾ ಸುಮೋ ರಸ್ತೆ ಬದಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿತು. 13 ಜನ ಹೋದರು.

2024ರ ಜೂನ್ 28. ಹಾವೇರಿ ಜಿಲ್ಲೆ ಬ್ಯಾಡಗಿ ತಾಲೂಕು, ಗುಂಡೇನಹಳ್ಳಿ ಕ್ರಾಸ್. ದೇವರ ದರ್ಶನ ಮುಗಿಸಿ ಊರಿಗೆ ವಾಪಸ್ ಹೊರಟಿದ್ದ ಟಿಟಿ ವಾಹನ, ನಿಂತಿದ್ದ ಲಾರಿಗೆ ಗುದ್ದಿತು. ಮತ್ತೆ 13 ಜನ. ಭದ್ರಾವತಿ ತಾಲೂಕಿನ ಒಂದು ಹಳ್ಳಿ ಅವತ್ತು ಒಲೆ ಹಚ್ಚಲಿಲ್ಲ.

2025ರ ಏಪ್ರಿಲ್ 5. ನಮ್ಮದೇ ಕಲಬುರಗಿ ಜಿಲ್ಲೆ, ಜೇವರ್ಗಿ ತಾಲೂಕು, ನೆಲೋಗಿ ಕ್ರಾಸ್. ಬಾಗಲಕೋಟೆಯಿಂದ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರು. ನಸುಕಿನ ಜಾವ. ನಿಂತಿದ್ದ ಲಾರಿಗೆ ವ್ಯಾನ್ ಗುದ್ದಿ ಐದು ಜನ ಜೀವ ಬಿಟ್ಟರು.

ಊರು ಬೇರೆ, ವಾಹನ ಬೇರೆ, ಜಾತಿ ಧರ್ಮ ಬೇರೆ. ಒಂದೇ ಒಂದು ಮಾತು ಸಮ. ಗುದ್ದಿಸಿಕೊಂಡ ಲಾರಿ ಓಡ್ತಾ ಇರಲಿಲ್ಲ. ನಿಂತಿತ್ತು!

ನಾವು ಸುದ್ದಿಯಲ್ಲಿ ಏನಂತ ಓದ್ತೀವಿ? "ಚಾಲಕನ ನಿದ್ದೆಗಣ್ಣು, ಅತಿವೇಗ, ಭೀಕರ ಅಪಘಾತ." ಇರಬಹುದು. ಗುದ್ದಿದವನ ತಪ್ಪನ್ನ ಯಾರೂ ಮುಚ್ಚಿಡಬೇಕಾಗಿಲ್ಲ. ಆದ್ರೆ ಲಾರಿ ಅಲ್ಲಿ ಯಾಕೆ ನಿಂತಿತ್ತು ಅನ್ನೋ ಪ್ರಶ್ನೆ ಮಾರನೇ ದಿನಕ್ಕೆ ಮರೆತುಹೋಗುತ್ತೆ. ಇವತ್ತು ಆ ಪ್ರಶ್ನೆ ಕೇಳೋಣ.

ಈಗಲೇ ಯಾಕೆ ಅಂದ್ರೆ, ತೊಗರಿ ಸುಗ್ಗಿ ಬಂತು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತೆ. ಅಲ್ಲಿಂದ ಮುಂದೆ ಮಹಾಗಾಂವ್ ಕ್ರಾಸ್, ಕಮಲಾಪುರ, ಆಮೇಲೆ ಹುಮನಾಬಾದ್. ಹುಮನಾಬಾದ್‌ನಲ್ಲಿ ಪುಣೆ-ಹೈದರಾಬಾದ್ ಹೆದ್ದಾರಿ ಸೇರುತ್ತೆ. ಅಂದ್ರೆ ತೊಗರಿ ಕಣಜದ ಬೇಳೆ ದೇಶಕ್ಕೆ ಹೋಗೋ ದಾರಿಗಳಲ್ಲಿ ಇದೂ ಒಂದು. ತೊಗರಿ ಲಾರಿ, ಸಿಮೆಂಟ್ ಲಾರಿ, ಶಹಾಬಾದ್ ಕಲ್ಲಿನ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಇವುಗಳ ನಡುವೆ ಬಸ್ಸು, ಟಂಟಂ, ಬೈಕು. ಎಲ್ಲರಿಗೂ ಇದೇ ರಸ್ತೆ.

ಈಗ ಗೆರೆ ವಿಷಯಕ್ಕೆ ಬರೋಣ. ರಸ್ತೆ ಮೇಲಿನ ಬಣ್ಣ ಅಲಂಕಾರಕ್ಕೆ ಬಳಿದಿದ್ದಲ್ಲ ಸ್ವಾಮಿ, ಅದೊಂದು ಭಾಷೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಇದಕ್ಕೆ ಒಂದು ಸಂಹಿತೆಯನ್ನೇ ಮಾಡಿದೆ. ರಸ್ತೆ ಮಧ್ಯದಲ್ಲಿ ತುಂಡು ತುಂಡು ಗೆರೆ ಇದ್ರೆ, ಎದುರು ಖಾಲಿ ಇದ್ದಾಗ ದಾಟಿ ಓವರ್‌ಟೇಕ್ ಮಾಡಬಹುದು. ಅಖಂಡ ಗೆರೆ ಇದ್ರೆ ದಾಟೋ ಹಾಗಿಲ್ಲ. ಒಂದು ಅಖಂಡ, ಪಕ್ಕದಲ್ಲೇ ಒಂದು ತುಂಡು ಗೆರೆ ಇದ್ರೆ, ತುಂಡು ಗೆರೆ ಯಾರ ಬದಿಗಿದೆಯೋ ಅವರು ಮಾತ್ರ ದಾಟಬಹುದು. ರಸ್ತೆ ಅಂಚಿಗೆ ಹಳದಿ ಗೆರೆ ಎಳೆದಿದ್ರೆ ಅಲ್ಲಿ ಪಾರ್ಕಿಂಗ್ ಇಲ್ಲ.

ಎಡ ಅಂಚಿನ ಬಿಳಿ ಗೆರೆ ಹೇಳೋದು ಇಷ್ಟೇ: ವಾಹನ ಓಡೋ ಜಾಗ ಇಲ್ಲಿಗೆ ಮುಗೀತು. ಗೆರೆಯ ಒಳಗೆ ಓಡೋರ ರಾಜ್ಯ. ನಿಲ್ಲೋ ಗಾಡಿಗೆ ಅಲ್ಲಿ ಕೆಲಸ ಇಲ್ಲ.

ಆ ಬಣ್ಣದಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ಬೆರೆಸಿರ್ತಾರೆ, ಗೊತ್ತಾ? ರಾತ್ರಿ ನಿಮ್ಮ ಗಾಡಿಯ ಬೆಳಕು ಅದರ ಮೇಲೆ ಬಿದ್ದಾಗ ವಾಪಸ್ ನಿಮ್ಮ ಕಣ್ಣಿಗೇ ಹೊಳೆಯಲಿ ಅಂತ. ಮಂಜು ಮುಸುಕಿದಾಗ, ಎದುರು ಗಾಡಿಯ ಲೈಟು ಕಣ್ಣಿಗೆ ಕುಕ್ಕಿದಾಗ, ಡ್ರೈವರ್ ನಂಬೋದು ಆ ಒಂದು ಗೆರೆಯನ್ನ. ಅದನ್ನೇ ಹಿಡಿದುಕೊಂಡು ಹೋಗ್ತಾನೆ. ಅದೇ ಗೆರೆಯ ಮೇಲೆ ದೀಪ ಆರಿಸಿದ ಲಾರಿಯೊಂದು ನಿಂತಿದೆ ಅಂತ ಇಟ್ಕೊಳ್ಳಿ. ದಾರಿ ತೋರಿಸಬೇಕಾದ ಗೆರೆಯೇ ಆತನನ್ನ ಸೀದಾ ಲಾರಿಯ ಹಿಂಭಾಗಕ್ಕೆ ಕರ್ಕೊಂಡು ಹೋಗುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಲೇನ್ ಹೆದ್ದಾರಿ. ಪ್ರತಿ ಲೇನ್ ಅಗಲ 3.5 ಮೀಟರ್. ಬಿಳಿ ಗೆರೆಯ ಆಚೆ, ಬಹಳ ಕಡೆ ಕಾಣೋದು ಒಂದೂವರೆ ಮೀಟರ್ ಡಾಂಬರು ಅಂಚು, ಶೋಲ್ಡರ್ ಅಂತಾರಲ್ಲ ಅದು. ಲಾರಿಗೆ ಕಾನೂನು ಒಪ್ಪಿರೋ ಗರಿಷ್ಠ ಅಗಲ 2.6 ಮೀಟರ್. ಕಳೀರಿ. 2.6 ಮೀಟರ್ ಲಾರಿಯನ್ನ 1.5 ಮೀಟರ್ ಜಾಗದಲ್ಲಿ ಎಷ್ಟೇ ಒತ್ತಿ ನಿಲ್ಲಿಸಿದ್ರೂ 1.1 ಮೀಟರ್ ಗೆರೆ ದಾಟಿ ಓಡೋ ಲೇನ್‌ನಲ್ಲಿ ಇರುತ್ತೆ. ಮೂರೂವರೆ ಮೀಟರ್ ಲೇನ್‌ನಲ್ಲಿ ಉಳಿಯೋದು 2.4 ಮೀಟರ್. ಹಿಂದಿನಿಂದ ಬರೋ ಬಸ್ಸಿನ ಅಗಲ ಎಷ್ಟು? ಹೆಚ್ಚುಕಡಿಮೆ ಲಾರಿಯಷ್ಟೇ. ಅಂದ್ರೆ ಆ ಬಸ್ಸು ಮಧ್ಯದ ಗೆರೆ ದಾಟದೆ ಹೋಗೋಕೆ ಸಾಧ್ಯವೇ ಇಲ್ಲ. ಒಂದು ಲಾರಿ ಅಂಚಿನ ಗೆರೆ ದಾಟಿ ನಿಂತರೆ, ಹಿಂದೆ ಬರೋ ಎಲ್ಲರೂ ನಡುವಿನ ಗೆರೆ ದಾಟಲೇಬೇಕಾಗುತ್ತೆ. ಎದುರಿಗೆ ಬರೋರ ಪಾಡು ಏನು?

ಇನ್ನೊಂದು ಲೆಕ್ಕ. ಗಂಟೆಗೆ 80 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕ್ ಒತ್ತೋ ಹೊತ್ತಿಗೆ ಎರಡೂವರೆ ಸೆಕೆಂಡ್ ಅಂತ ಇಂಜಿನಿಯರುಗಳು ಲೆಕ್ಕ ಹಿಡೀತಾರೆ. ಅಷ್ಟರಲ್ಲೇ 55 ಮೀಟರ್ ಹೋಯ್ತು. ಗಾಡಿ ಪೂರ್ತಿ ನಿಲ್ಲೋಕೆ ಒಟ್ಟು 120 ಮೀಟರ್ ಬೇಕು ಅನ್ನುತ್ತೆ ರಸ್ತೆ ಸಂಹಿತೆ. ಡಿಪ್ ಲೈಟಿನಲ್ಲಿ ಧೂಳು ಮೆತ್ತಿದ ಲಾರಿಯ ಹಿಂಭಾಗ ಎಷ್ಟು ದೂರದಿಂದ ಕಾಣುತ್ತೆ? 40ರಿಂದ 50 ಮೀಟರ್. ಕಂಡ ಮೇಲೆ ಬ್ರೇಕ್ ಹಾಕಿದ್ರೂ ಉಳಿಯೋಕೆ ಜಾಗ ಇಲ್ಲ.

ಕಾನೂನು ಇಲ್ವಾ ಅಂತ ಕೇಳ್ತೀರಿ. ಬೇಕಾದಷ್ಟಿದೆ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 122: ಬೇರೆಯವರಿಗೆ ಅಪಾಯ ಆಗೋ ಹಾಗೆ ಸಾರ್ವಜನಿಕ ಜಾಗದಲ್ಲಿ ವಾಹನ ಬಿಡುವಂತಿಲ್ಲ. ಸೆಕ್ಷನ್ 127: ಅಪಾಯ ತರೋ ಹಾಗೆ ಬಿಟ್ಟು ಹೋದ ಗಾಡಿಯನ್ನ ಪೊಲೀಸರು ತಕ್ಷಣ ಎಳೆಸಿ ಹಾಕಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285: ದಾರಿಗೆ ಅಡ್ಡಿ, ಅಪಾಯ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ. ಹಳೇ ಐಪಿಸಿಯಲ್ಲಿ ಇದು ಬರೀ 200 ರೂಪಾಯಿ ಇತ್ತು! ನಿರ್ಲಕ್ಷ್ಯದಿಂದ ಜೀವ ಹೋದ್ರೆ ಸೆಕ್ಷನ್ 106, ಐದು ವರ್ಷದವರೆಗೆ ಜೈಲು. "ನಾನು ನಿಂತಿದ್ದೆ, ಅವನೇ ಬಂದು ಗುದ್ದಿದ" ಅನ್ನೋ ಮಾತು ಎಲ್ಲಾ ಸಲ ನಡೆಯಲ್ಲ.

ಹಾಗಾದ್ರೆ ದಂಡ ಹಾಕಿಬಿಡಿ, ಲಾರಿಯವರಿಗೆ ಬುದ್ಧಿ ಬರುತ್ತೆ. ಮುಗೀತಲ್ಲ ಕಥೆ?

ಮುಗಿಯಲ್ಲ ವೀಕ್ಷಕರೇ. ಡ್ರೈವರ್ ಅಣ್ಣನ ಒಂದು ಪ್ರಶ್ನೆಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. "ಇಲ್ಲಿ ನಿಂದ್ರಸಬ್ಯಾಡ ಅಂತೀರಿ, ಖರೆ. ಎಲ್ಲಿ ನಿಂದ್ರಸಬೇಕು, ಅದನ್ನರ ಹೇಳ್ರಿ?"

ಯೋಚನೆ ಮಾಡಿ. ಲಾರಿ ರಾತ್ರಿ ಎರಡು ಗಂಟೆಗೆ ಊರ ಬಾಗಿಲಿಗೆ ಬರುತ್ತೆ. ಮಿಲ್‌ನ ಗೇಟ್ ತೆಗೆಯೋದು ಬೆಳಿಗ್ಗೆ. ಹಮಾಲರು ಬರೋದು ಅದಾದ ಮೇಲೆ. ಹಗಲಲ್ಲಿ ಊರೊಳಗೆ ಭಾರೀ ವಾಹನಕ್ಕೆ ನಿರ್ಬಂಧ. ಆ ಆರು ತಾಸು ಲಾರಿ ಎಲ್ಲಿರಬೇಕು? ರಸ್ತೆಯಿಂದ ಕೆಳಗೆ ಇಳಿಸೋಣ ಅಂದ್ರೆ ನಮ್ಮದು ಎರೆ ಮಣ್ಣು. ಒಂದು ಮಳೆ ಬಿದ್ರೆ ಸಾಕು, ಲೋಡ್ ಗಾಡಿಯ ಗಾಲಿ ಹೂತು ಹೋಗುತ್ತೆ. ಎತ್ತಿಸೋಕೆ ಕ್ರೇನ್ ಬೇಕು, ಕ್ರೇನಿಗೆ ದುಡ್ಡು ಬೇಕು. ಕತ್ತಲೆ ಜಾಗದಲ್ಲಿ ನಿಲ್ಲಿಸಿದ್ರೆ ಡೀಸೆಲ್ ಕಳವು, ಬ್ಯಾಟರಿ ಕಳವು. ಅದಕ್ಕೇ ಆತ ಧಾಬಾದ ಬೆಳಕು ಹುಡುಕ್ತಾನೆ, ಗಟ್ಟಿ ನೆಲ ಹುಡುಕ್ತಾನೆ. ಗಟ್ಟಿ ನೆಲ ಅಂದ್ರೆ ಡಾಂಬರು. ಡಾಂಬರು ಅಂದ್ರೆ ಗೆರೆಯ ಒಳಗೆ.

ಇನ್ನೊಂದು ಕಾನೂನು ಹೇಳ್ತೀನಿ, ಇದನ್ನ ಯಾರೂ ಹೇಳಲ್ಲ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961. ದಿನಕ್ಕೆ 8 ತಾಸು ಕೆಲಸ, ಸತತ 5 ತಾಸು ಆದ ಮೇಲೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಅಂತ ಅದರಲ್ಲಿತ್ತು. ಅರವತ್ತು ವರ್ಷದ ಹಿಂದೆಯೇ ವಿಶ್ರಾಂತಿ ತಗೋ ಅಂತ ಬರೆದಿಟ್ಟಿದ್ದೀವಿ. ವಿಶ್ರಾಂತಿ ತಗೊಳ್ಳೋಕೆ ಜಾಗ ಕೊಟ್ಟಿದ್ದೀವಾ? ನಿದ್ದೆಗಣ್ಣಲ್ಲಿ ಓಡಿಸಿದ್ರೆ ಓಡೋ ಲಾರಿ ಕೊಲ್ಲುತ್ತೆ, ದಾರಿಯಲ್ಲೇ ಮಲಗಿದ್ರೆ ನಿಂತ ಲಾರಿ ಕೊಲ್ಲುತ್ತೆ.

ಇದಕ್ಕೆ ಉತ್ತರ ಪುಸ್ತಕದಲ್ಲಿದೆ. ಲೇ-ಬೈ ಅಂತಾರೆ. ಹೆದ್ದಾರಿ ಪಕ್ಕದಲ್ಲಿ ಗಟ್ಟಿ ನೆಲ ಮಾಡಿದ ಲಾರಿ ತಂಗುದಾಣ. ಓಡೋ ರಸ್ತೆಗೂ ಅದಕ್ಕೂ ನಡುವೆ ಒಂದು ದ್ವೀಪ. ಒಳಗೆ ಹೋಗೋಕೆ ಒಂದು ದಾರಿ, ಹೊರಗೆ ಬರೋಕೆ ಇನ್ನೊಂದು. ದೀಪ, ಕುಡಿಯೋ ನೀರು, ಶೌಚಾಲಯ, ಮುಂಚೆಯೇ ತಿಳಿಸೋ ಫಲಕ. ಸಾಂಪ್ರದಾಯಿಕವಾಗಿ ಲಾರಿಗಳು ಎಲ್ಲಿ ನಿಲ್ಲುತ್ತವೋ ಅಲ್ಲೇ ಇದನ್ನ ಕಟ್ಟಿ ಅನ್ನುತ್ತೆ ಹೆದ್ದಾರಿ ಕೈಪಿಡಿ. ಎಷ್ಟು ಸರಿಯಾದ ಮಾತು ನೋಡಿ. ಲಾರಿ ನಿಲ್ಲೋ ಕಡೆ ಜಾಗ ಮಾಡಬೇಕು. ಊರಾಚೆ ಎಲ್ಲೋ ಕಟ್ಟಿ, ರಿಬ್ಬನ್ ಕತ್ತರಿಸಿ, ದೀಪ ಹಾಕದೆ ಬಿಟ್ರೆ ಅಲ್ಲಿ ಎಮ್ಮೆ ಮಲಗುತ್ತೆ, ಲಾರಿ ನಿಲ್ಲಲ್ಲ.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆಂದೇ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ ಸಂಸ್ಥೆ ಇದೆ. ಬೆಂಗಳೂರಿನ ಯಶವಂತಪುರದ ಟರ್ಮಿನಲ್ ಅದರದ್ದೇ. ರಾಜಧಾನಿಗೆ ಬರೋ ಲಾರಿಗೆ ನಿಲ್ಲೋ ಜಾಗ ಬೇಕು ಅಂತ ಸರ್ಕಾರಕ್ಕೆ ಗೊತ್ತಿದೆ ಅಂದ್ಮೇಲೆ, ತೊಗರಿ ಕಣಜದಿಂದ ಹೊರಡೋ ಲಾರಿಗೂ ಬೇಕು ಅನ್ನೋದು ಗೊತ್ತಿರಬೇಕು.

ದೇಶದ ದೊಡ್ಡ ಕೋರ್ಟ್‌ಗೂ ಇದು ಮುಟ್ಟಿದೆ. 2025ರ ನವೆಂಬರ್ 2ರಂದು ರಾಜಸ್ಥಾನದ ಫಲೋದಿಯಲ್ಲಿ ನಿಂತಿದ್ದ ಟ್ರೈಲರ್‌ಗೆ ಯಾತ್ರಿಕರ ವಾಹನ ಗುದ್ದಿ 15 ಜನ ಸತ್ತರು. ಸುಪ್ರೀಂ ಕೋರ್ಟ್ ಅದೇ ತಿಂಗಳು ತಾನಾಗಿಯೇ ವಿಷಯ ಕೈಗೆತ್ತಿಕೊಂಡು, ಹೆದ್ದಾರಿ ಅಂಚಿನ ಧಾಬಾಗಳ ಬಗ್ಗೆ, ರಸ್ತೆಯ ಸ್ಥಿತಿಯ ಬಗ್ಗೆ ಹೆದ್ದಾರಿ ಪ್ರಾಧಿಕಾರದಿಂದ ವರದಿ ಕೇಳಿತು.

ಕೋರ್ಟ್ ಕೇಳಲಿ. ನಾವು ನಮ್ಮ ಜಿಲ್ಲೆಯಲ್ಲಿ ಏನು ಕೇಳಬೇಕು? ಕಪನೂರಿನ ಪ್ರತಿ ಮಿಲ್, ಪ್ರತಿ ಗೋದಾಮಿನ ಮಾಲೀಕರು ಮೊದಲು ತಮ್ಮನ್ನೇ ಕೇಳ್ಕೊಳ್ಳಲಿ: ನನಗೆ ಮಾಲು ತರೋ ಲಾರಿ ರಾತ್ರಿ ಎಲ್ಲಿ ನಿಲ್ಲುತ್ತೆ? ನನ್ನ ಅಂಗಳದಲ್ಲೋ, ರಸ್ತೆ ಮೇಲೋ? ಲಾರಿ ಬರೋ ವೇಳೆ ಹಂಚಿ ಕೊಡೋಕೆ, ರಾತ್ರಿ ಗೇಟ್ ತೆಗೆದು ಒಳಗೆ ಬಿಟ್ಟುಕೊಳ್ಳೋಕೆ ಕೋಟಿ ಬೇಕಾಗಿಲ್ಲ, ಮನಸ್ಸು ಬೇಕು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಈ ರಸ್ತೆಯಲ್ಲಿ ರಾತ್ರಿ ಹೊತ್ತು ಒಂದು ಸಲ ಓಡಾಡಲಿ, ಲಾರಿ ನಿಲ್ಲೋ ಜಾಗಗಳನ್ನ ಗುರುತು ಮಾಡಲಿ. ಅಳಿಸಿಹೋದ ಗೆರೆಯನ್ನ ಮತ್ತೆ ಎಳೆಸಲಿ. ಜಾಗ ಕೊಟ್ಟ ಮೇಲೆ ಬೇಕಾದ್ರೆ ಒಂದು ಲಾರಿಯನ್ನೂ ಬಿಡದೆ ದಂಡ ಹಾಕಲಿ. ಆಗ ಯಾರೂ ಬೇಡ ಅನ್ನಲ್ಲ.

ಕೊನೆಗೆ ಲಾರಿ ಚಾಲಕ ಅಣ್ಣತಮ್ಮಂದಿರಿಗೆ ನಾಲ್ಕು ಮಾತು. ಜಾಗ ಆಗೋವರೆಗೆ ನಿಮ್ಮ ಕೈಯಲ್ಲಿ ಏನಿದೆ?

ನಿದ್ದೆಗಾಗಿ, ಊಟಕ್ಕಾಗಿ ಗೆರೆಯ ಮೇಲೆ ನಿಲ್ಲಿಸಬೇಡಿ. ಪೆಟ್ರೋಲ್ ಬಂಕ್ ಇರಲಿ, ಒಳಗೆ ಜಾಗ ಇರೋ ಧಾಬಾ ಇರಲಿ, ಇನ್ನೂ ಐದು ಕಿಲೋಮೀಟರ್ ಹೋದ್ರೂ ಪರವಾಗಿಲ್ಲ. ತಿರುವಿನಲ್ಲಿ, ಸೇತುವೆ ಮೇಲೆ, ಏರಿನ ಆಚೆ ನಿಲ್ಲಿಸಲೇಬೇಡಿ. ಗಾಡಿ ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ಬ್ಯಾಟರಿ ಉಳಿಸೋಕೆ ಹೋಗಬೇಡಿ. ಪ್ರತಿಫಲಿಸೋ ತ್ರಿಕೋನವನ್ನ ಲಾರಿಯ ಬುಡದಲ್ಲಿ ಇಡಬೇಡಿ, ಹಿಂದಕ್ಕೆ ಕನಿಷ್ಠ ಐವತ್ತು ದೊಡ್ಡ ಹೆಜ್ಜೆ ನಡೆದು ಇಡಿ. ಕಲ್ಲು, ಗಿಡದ ಟೊಂಗೆ ಇಡೋದು ನಮ್ಮ ಕಡೆ ರೂಢಿ. ಕತ್ತಲಲ್ಲಿ ಅದು ಕಾಣಲ್ಲ. ನೀವು ಹೋದ ಮೇಲೆ ಆ ಕಲ್ಲು ಅಲ್ಲೇ ಉಳಿದು ಬೈಕಿನವನ ಜೀವ ತೆಗೆಯುತ್ತೆ. ಹಿಂಬದಿಯ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನ ದಿನಾ ಸಂಜೆ ಒಂದು ಒದ್ದೆ ಬಟ್ಟೆಯಿಂದ ಒರೆಸಿ. ಹಿಂಭಾಗದ ಕೆಳಗಿನ ಅಡ್ಡ ಕಬ್ಬಿಣ ಬಗ್ಗಿದ್ರೆ ಸರಿ ಮಾಡಿಸಿ, ಕಾರು ಲಾರಿ ಅಡಿಗೆ ನುಗ್ಗದ ಹಾಗೆ ತಡೆಯೋದು ಅದೊಂದೇ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ 112.

ವೀಕ್ಷಕರೇ, ನೀವೂ ಅಷ್ಟೇ. ದೀಪ ಇಲ್ಲದೆ ನಿಂತ ಲಾರಿ ಕಂಡ್ರೆ ಬೈಕೊಂಡು ಪಾರಾಗಿ ಹೋಗಬೇಡಿ. ಅದೇ ನಂಬರಿಗೆ ಒಂದು ಕರೆ ಮಾಡಿ. ನಿಮ್ಮ ಹಿಂದೆ ಬರ್ತಿರೋ ಗಾಡಿಯಲ್ಲಿ ದರ್ಗಾಕ್ಕೆ ಹೊರಟವರಿರಬಹುದು, ಗುಡಿಗೆ ಹೋಗಿ ಬಂದವರಿರಬಹುದು.

ಗೆರೆ ಎಳೆಯೋದು ಸರ್ಕಾರದ ಕೆಲಸ, ಗೆರೆ ಕಾಯೋದು ನಮ್ಮೆಲ್ಲರ ಕೆಲಸ. ಆದ್ರೆ ಗೆರೆಯ ಆಚೆ ಲಾರಿಗೊಂದು ನೆಲೆ ಕೊಡದೆ, ಗೆರೆ ದಾಟಬೇಡ ಅಂತ ಹೇಳೋಕೆ ನಮಗೆ ಬಾಯಿ ಎಲ್ಲಿದೆ? ತೊಗರಿ ಈ ವರ್ಷವೂ ಬರುತ್ತೆ, ಲಾರಿಗಳೂ ಬರ್ತವೆ. ಇನ್ನೊಂದು ತಾರೀಕು ಈ ಪಟ್ಟಿಗೆ ಸೇರೋ ಮೊದಲು ಜಾಗ ಮಾಡಿ ಅಂತ ಆಳೋರನ್ನ ಕೇಳೋಣ.

ಯೋಚನೆ ಮಾಡಿ. ನಿಧಾನವಾಗಿ ಮನೆ ಸೇರಿ.