ದಂಧೆಗೆ ಪೆಟ್ಟು ಬಿದ್ದಾಗ: ಮೊಬೈಲ್, ಲೆಕ್ಕ ಮತ್ತು ನೆಮ್ಮದಿ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ವ್ಯಾಪಾರಿಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೆ ನನ್ನ ಮುಂದೆ ಕೂರುವ ಮಕ್ಕಳಲ್ಲಿ ಅನೇಕರು ಸಣ್ಣ ಅಂಗಡಿ, ಹೊಲಿಗೆ, ಬೇಕರಿ, ಗ್ಯಾರೇಜು, ತಳ್ಳುಗಾಡಿ ನಂಬಿದ ಮನೆಗಳಿಂದ ಬಂದವರು. ತಂದೆಯ ದಂಧೆಗೆ ಪೆಟ್ಟು ಬಿದ್ದರೆ ಅದು ಬಹುಬೇಗ ಕಾಣಿಸುವುದು ನಮ್ಮ ಹಾಜರಿ ಪುಸ್ತಕದಲ್ಲಿ. ಆದ್ದರಿಂದ ಈ ವಿಷಯದ ಮೇಲೆ ನಾಲ್ಕು ಮಾತು ಹೇಳಲು ನನಗೂ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಮಿತ್ರರೇ, ದಂಧೆಗೆ ಪೆಟ್ಟು ಬೀಳುವುದು ಹೊಸದೇನಲ್ಲ. ನಮ್ಮ ನೆರೆಯ ಖಾನಾಪುರವನ್ನೇ ನೋಡಿರಿ. ಅಲ್ಲಿಯ ಮಣ್ಣು ಮಡಕೆಗೂ ಹಂಚಿಗೂ ಹೆಸರಾದದ್ದು. ಅಲ್ಯುಮಿನಿಯಂ ಪಾತ್ರೆ ಬಂತು, ಪ್ಲಾಸ್ಟಿಕ್ ಕೊಡ ಬಂತು, ಹಂಚಿನ ಜಾಗದಲ್ಲಿ ಆರ್‌ಸಿಸಿ ಛಾವಣಿ ಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇದೇ ಊರಿನಲ್ಲಿ. 2018ರಲ್ಲಿ ಆಯೋಗವು ಕುಂಬಾರರ ಸಶಕ್ತೀಕರಣ ಯೋಜನೆ ಆರಂಭಿಸಿ, ದೇಶದ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಕೊಡತೊಡಗಿತು. ಹೊಸ ತಿಗರಿಯಿಂದ ತೋಳಿನ ಶ್ರಮ ಇಳಿಯಿತು. ಆದರೆ ಮಡಕೆ ನೆರಳಿನಲ್ಲಿ ಒಣಗುವ ಹೊತ್ತು, ಆವಿಗೆಯಲ್ಲಿ ಬೇಯುವ ಹೊತ್ತು ಇಳಿಯಲಿಲ್ಲ. ಯಾವ ಹೊಸ ಸಾಧನ ಕೈಗೆ ಬಂದರೂ ಈ ಪ್ರಶ್ನೆ ಕೇಳಬೇಕು: ಇದು ನನ್ನ ಯಾವ ಭಾರವನ್ನು ಇಳಿಸುತ್ತದೆ? ಯಾವ ಭಾರವನ್ನು ಹೊರಿಸುತ್ತದೆ?

ನಮ್ಮ ಕಾಲದ ಸಾಧನ ಮೊಬೈಲ್. ನಾವು ಕಂಡ ಪೆಟ್ಟುಗಳೂ ಸಣ್ಣವಲ್ಲ. 2016ರ ನವೆಂಬರ್ 8ರಂದು ನೋಟು ರದ್ದತಿ, 2017ರ ಜುಲೈ 1ರಿಂದ ಜಿಎಸ್‌ಟಿ, 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬೆಳಗಾವಿಯ ವಡಗಾವಿ, ಖಾಸಬಾಗದ ಮಗ್ಗಗಳ ಸದ್ದು ಅಡಗಿದ್ದ ಆ ದಿನಗಳನ್ನು ನೀವು ಮರೆತಿರಲಾರಿರಿ. 2016ರಲ್ಲೇ ಬಂದಿದ್ದ ಯುಪಿಐ, ಈ ಪೆಟ್ಟುಗಳ ನಡುವೆ ತಳ್ಳುಗಾಡಿಯವರೆಗೂ ತಲುಪಿತು. ಚಿಲ್ಲರೆಯ ಜಗಳ ತಪ್ಪಿತು, ಅದು ನಿಜ.

ಆದರೆ 2025ರ ಜುಲೈ ತಿಂಗಳಿನಲ್ಲಿ ಏನಾಯಿತು? ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನಲ್ಲಿ ಅನೇಕರು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಎಂದ ಮೇಲೆ ಗದ್ದಲ ತಣ್ಣಗಾಯಿತು.

ಆ ದಿನಗಳಲ್ಲಿ ನಮ್ಮ ಒಬ್ಬ ವಿದ್ಯಾರ್ಥಿ ಮೂರು ದಿನ ಶಾಲೆಗೆ ಬರಲಿಲ್ಲ. ಅವನ ತಂದೆಯದು ಖಡೇ ಬಜಾರಿನ ಕಡೆ ಒಂದು ಸಣ್ಣ ಸೌಂದರ್ಯ ಸಾಮಗ್ರಿಗಳ ಅಂಗಡಿ. ಅವರಿಗೆ ನೋಟಿಸ್ ಬಂದಿರಲಿಲ್ಲ, ಬಂದದ್ದು ಬರೀ ಭಯ. ಅವರು ಕ್ಯೂಆರ್ ಕಿತ್ತು ಹಾಕಿದ್ದರು, ರಾತ್ರಿ ನಿದ್ದೆ ಇರಲಿಲ್ಲ. ಮನೆಯಲ್ಲಿ ಮೊಬೈಲ್ ಸಂದೇಶಗಳನ್ನು ಓದಬಲ್ಲವನು ಈ ಹುಡುಗನೊಬ್ಬನೇ. ಬ್ಯಾಂಕಿನ ಒಂದೊಂದು ಸಂದೇಶವನ್ನೂ ಓದಿ ಹೇಳುತ್ತಾ ಅವನು ತಂದೆಯ ಬಳಿಯೇ ಕುಳಿತುಬಿಟ್ಟಿದ್ದ.

ನಾನು ಹೋಗಿ ಜೊತೆಗೆ ಕುಳಿತೆ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ. 40 ಲಕ್ಷವೆಂದರೆ ದಿನಕ್ಕೆ ಸುಮಾರು 11 ಸಾವಿರದ ವಹಿವಾಟು. ನಗದು, ಯುಪಿಐ ಎರಡೂ ಸೇರಿಸಿದರೂ ಅವರ ವ್ಯಾಪಾರ ಅದರ ಅರ್ಧಕ್ಕೂ ಬರಲಿಲ್ಲ. ತೊಡಕು ಇದ್ದದ್ದು ಬೇರೆ ಕಡೆ. ಭಾವಮೈದುನ ಹಿಂತಿರುಗಿಸಿದ ಕೈಗಡ, ಮದುವೆಗೆಂದು ಬಂದ ಹಣ, ಗಿರಾಕಿಯ ಉದ್ರಿ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದ್ದವು. ಯಾವುದು ವ್ಯಾಪಾರ, ಯಾವುದು ಮನೆಯದು ಎಂದು ತೋರಿಸಲು ಒಂದು ಪುಟವೂ ಇರಲಿಲ್ಲ. ಬರೆದು ಮುಗಿಸುವಾಗ ಇಶಾ ನಮಾಜಿನ ಹೊತ್ತಾಗಿತ್ತು. ಮರುದಿನ ಹುಡುಗ ಶಾಲೆಗೆ ಬಂದ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದು ಎಂಬುದನ್ನು ನಮ್ಮ ಮಕ್ಕಳು ಬಲ್ಲರು. ಅದು ಸೂರಾ ಅಲ್-ಬಕರಾದ 282ನೆಯ ಆಯತ್. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ಇಟ್ಟುಕೊಳ್ಳುವುದು. ಲೆಕ್ಕ ಬರೆಯುವುದು ಸರ್ಕಾರದ ಭಯಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆದ್ದರಿಂದ ವ್ಯಾಪಾರದಲ್ಲಿರುವವರಿಗೂ ನಾಳೆ ವ್ಯಾಪಾರ ಮಾಡಲಿರುವ ವಿದ್ಯಾರ್ಥಿಗಳಿಗೂ ನನ್ನ ವಿನಂತಿ ಇಷ್ಟು. ಅಂಗಡಿಗೂ ಮನೆಗೂ ಬೇರೆ ಬೇರೆ ಖಾತೆ ಇರಲಿ. ಪ್ರತಿ ರಾತ್ರಿ ಹತ್ತು ನಿಮಿಷ ಲೆಕ್ಕ ಬರೆಯಿರಿ. ಕ್ಯೂಆರ್ ತೆಗೆದರೆ ತೆರಿಗೆ ತಪ್ಪುವುದಿಲ್ಲ, ನಗದು ಕೂಡ ವಹಿವಾಟೇ. ಹಾಲು, ತರಕಾರಿಯಂತಹ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿಗೆ ಹೆದರಬೇಕಾಗಿಲ್ಲ. ಮಿತಿ ದಾಟಿದವರಲ್ಲಿ ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಶೇ. 1ರಷ್ಟು ಕಟ್ಟುವ ರಾಜಿ ತೆರಿಗೆ ಪದ್ಧತಿಯೂ ಇದೆ.

ಮನೆಯಲ್ಲೇ ಹೊಲಿಗೆ, ಕಸೂತಿ ಮಾಡುವ ತಾಯಂದಿರು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಹಾಕಿ ಗಿರಾಕಿಗಳನ್ನು ಪಡೆಯಬಹುದು. ಹಜ್ರತ್ ಖದೀಜಾ (ರ.) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು ಎಂಬುದನ್ನು ಹೆಣ್ಣುಮಕ್ಕಳು ನೆನಪಿಡಲಿ. ಆದರೆ ಖಾನಾಪುರದ ಕುಂಬಾರರು ಮಳೆಗಾಲದಲ್ಲಿ ಮಡಕೆ ಒಣಗದೆಂದು ತಿಳಿದು ಕೆಲಸ ಹಿಡಿಯುವಂತೆ, ಕೈಲಾದಷ್ಟೇ ಆರ್ಡರ್ ಒಪ್ಪಿಕೊಳ್ಳಿರಿ. 'ರಾತ್ರಿ ಒಂಬತ್ತರ ನಂತರ ಉತ್ತರವಿಲ್ಲ' ಎಂದು ಮೊದಲೇ ತಿಳಿಸಿರಿ. ಒಳ್ಳೆಯ ಗಿರಾಕಿ ಬೆಳಗಿನವರೆಗೆ ಕಾಯುತ್ತಾನೆ.

ದಂಧೆ ಕುಸಿದಾಗ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಲೆಗೆ ಬೀಳಬೇಡಿರಿ. ಹಣ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಚಿಂತೆ ಮಿತಿ ಮೀರಿದರೆ ಮರ್ಯಾದೆಗೆ ಅಂಜಿ ಒಳಗೇ ಕೊರಗಬೇಡಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಇದೂ ಡಿಜಿಟಲ್ ಸಾಧನವೇ ಅಲ್ಲವೇ?

ಕೊನೆಯದಾಗಿ ನಮ್ಮ ಸಂಸ್ಥೆಗೆ ಒಂದು ಸಲಹೆ. ಹದಿನಾಲ್ಕು ವರ್ಷದ ಹುಡುಗ ಇಡೀ ಮನೆಯ ಮುನೀಮನಾಗಬಾರದು. ವಾರಕ್ಕೊಂದು ಸಂಜೆ ನಮ್ಮ ಕಾಮರ್ಸ್ ಓದುವ ವಿದ್ಯಾರ್ಥಿಗಳು ಒಂದು ಮೇಜು ಹಾಕಿ ಕುಳಿತು, ವ್ಯಾಪಾರಿಗಳ ಸಂದೇಶ, ನೋಟಿಸುಗಳನ್ನು ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ ವಿವರಿಸಲಿ. ದೊಡ್ಡ ಖರ್ಚಿಲ್ಲ. ಮೇಜು ಶಾಲೆಯಲ್ಲಿದೆ, ಮೊದಲ ಸಂಜೆ ನಾನು ಬಂದು ಕೂರುತ್ತೇನೆ.